ಹನ್ನೊಂದನೇ ಬಾವಲಿ

ಅಥಣಿ ರೋಡಿನ ಪಾರ್ಕಿನಾಗ ನನ್ನ ಕೆಲಸ
ಹಸರ ಗುಂಡಿ ಒತ್ತೂದು, ಕೆಂಪು ಗುಂಡಿ ಒತ್ತೂದು.
ನಡುವ ಐದು ಮಿನಿಟು
ಗಾಡಿ ಕತ್ತಲಾಗ ಹೊಕ್ಕು ಹೊರಗ ಬರತೈತಿ,
ಕೂತವರ ಕೈಯಾಗ ಬೆಳಕಿನ ಬಂದೂಕು.

ಕಥಿ ಬರದವರು ರುದ್ರಮುನಿ ಮಾಸ್ತರ.
ಮೂವತ್ತು ವರ್ಷ ನಾಟಕ ಕಂಪನಿಯೊಳಗ
ಪರದೆ ಮಗ್ಗಲ ಕೂತು
ಮರತವರಿಗೆ ಮಾತು ಎತ್ತಿಕೊಟ್ಟವರು,
ಒಮ್ಮೆಯೂ ಮಾರಿಗೆ ಬಣ್ಣ ಹಚ್ಚದವರು.
ಬರದದ್ದು ಹಿಂಗ: ವಿಜಾಪುರದ ನೆಲದ ಕೆಳಗ, ಹಳೇ ಸುರಂಗದಾಗ,
ಗಂಜಿನಿಂದ ಗಂಜಿಗೆ ಹರಿಯೋ ನೀರನ್ನೆಲ್ಲ
ಹನ್ನೊಂದು ಬಾವಲಿ ಕುಡದು ಜೋತುಬಿದ್ದಾವ.
ಹೊಡೀರಿ, ಹೊಟ್ಟಿ ಒಡೀಲಿ, ಊರಿಗೆ ನೀರು ಬರಲಿ.
ಕಡೀಕ ಒಂದು ನಳ. ಖರೇ ನಳ, ಖರೇ ನೀರು,
ಮಾರಿ ಮ್ಯಾಲ ಚಳ್ ಅಂತ ಸಿಡೀತೈತಿ.
ದನಿಯೂ ಮಾಸ್ತರದ. ಅವರ ಕೆಮ್ಮೂ ಅದರಾಗ ಐತಿ.

ಮಾಲಕ ಈರಣಗೌಡ್ರಿಗೆ ಕಥಿ ಅಂದ್ರ ಸುಟ್ಟುಹೋದ ಡೀಸೆಲ್ಲು.
"ಒಂದೂವರಿ ಮಿನಿಟು ಬರೇ ಮಾತು, ಮಾಸ್ತರ.
ತಾಸಿಗೆ ನಾಕು ಟ್ರಿಪ್ ಹೊಟ್ಟಿಗೆ ಹಾಕ್ಕೊಂಡೈತಿ ಅದು.
ಜೋಕಾಲಿಗೆ ಕಥಿ ಐತೇನು?
ಬುಗುರಿ ಆಡಾವ ಕಥಿ ಕೇಳತಾನೇನು?"
ಮಾಸ್ತರ ಸುಮ್ಮನಿದ್ರು.
ಜೋಕಾಲಿಗೆ ಕಥಿ ಬ್ಯಾಡ, ಖರೆ.
ಆದ್ರ ಜೋಕಾಲಿ ಯಾರ ಕೈಯಾಗೂ ಬಂದೂಕು ಕೊಡೂದಿಲ್ಲಲ್ಲ.
ಇದು ನನಗ ಹೊಳದದ್ದು ರಾತ್ರಿ, ಬಾಂಡೆ ತಿಕ್ಕುವಾಗ.
ಆಗ ಹೇಳಾಕ ಯಾರೂ ಇರಲಿಲ್ಲ.

ಉಗಾದಿ ಮುಂದ ಸ್ಪೀಕರ್ ಸುಟ್ಟಿತು.
ಒಂಬತ್ತು ದಿನ ಗಾಡಿ ಮೂಕಾಗಿ ತಿರಗಿತು,
ಒಬ್ಬರೂ ಯಾಕಂತ ಕೇಳಲಿಲ್ಲ.
"ನನಗ ನಾಕನೂರು!" "ನಿನಗೆಷ್ಟು?"
"ನನ್ನ ಗನ್ ಕೆಟ್ಟೈತಿ, ರೊಕ್ಕ ವಾಪಸ್ ಕೊಡ್ರಿ."
ಬಾಗಲಾಗ ಇಷ್ಟೇ ಗದ್ದಲ.
ಮಾಸ್ತರ ದಿನಾ ಬಂದು ಕಬ್ಬಿಣದ ಬೆಂಚಿನ ಮ್ಯಾಲ ಕೂತು
ಇಳಿಯೋ ಮಾರಿಗಳನ್ನ ಓದತಿದ್ರು,
ತಮ್ಮ ಅಕ್ಷರ ಯಾವದರಾಗೂ ಇಲ್ಲ.
ಕೈಯಾಗಿನ ಚುರಮುರಿ ಹಂಗ ಮೆತ್ತಗಾಗತಿತ್ತು.

ಹತ್ತನೇ ದಿನ, ಸ್ಪೀಕರ್ ಇನ್ನೂ ಬಂದಿಲ್ಲ,
ಜುಮನಾಳದಿಂದ ಟೆಂಪೋ ತುಂಬ ಸಾಲಿ ಹುಡುಗರು.
ಅದರಾಗ ಮುಬೀನಾ ಅಂತ,
ಬಿದ್ದ ಹಲ್ಲಿನ ಸಂದಿಯಾಗ ನಾಲಗಿ ಆಡಸೋ ಹುಡುಗಿ.
ಇಳದಾಗ ಅಕಿ ಬೋರ್ಡಿನ ಮ್ಯಾಲ ಹತ್ತು.
"ಒಂದು ಬಿಟ್ಟೆಲ್ಲ, ಕಣ್ಣು ಕಾಣಂಗಿಲ್ಲೇನು?"
"ನಾನ ಬಿಟ್ಟೆ. ಅದು ಸಣ್ಣದಿತ್ತು.
ಅದಕ್ಕೂ ನೀರಡಿಕಿ ಆಗಿರತೈತಿ."

(ಹನ್ನೊಂದನೇದು ಸಣ್ಣದಾದದ್ದು
ಪೇಂಟರ್ ತಂದ ಫೈಬರ್ ಸಾಲದ್ದಕ್ಕ.)
ನೀರಿನ ಸುದ್ದಿ ಅಕಿಗೆ ಹೇಳಿದವರ್ಯಾರು?
ನೀಲಿ ಹೊಟ್ಟಿ ಕಂಡಾಳ, ಕಡೀಕ ನಳ ಸಿಡದೈತಿ,
ನಡುವಿನ ದಾರ ಅಕಿದ.

ಮಾಸ್ತರ ಎದ್ದು ನಿಂತ್ರು.
ತುಟಿ ಅಲುಗಿದ್ವು ದನಿ ಇಲ್ಲದ,
ಪರದೆ ಮಗ್ಗಲ ಕೂತಾಗಿನ ಹಂಗ.
ಆಮ್ಯಾಲ ನನ್ನ ಕಡೆ ತಿರಗಿ,
"ಈ ಮಾತು ನಾ ಬರದಿಲ್ಲ" ಅಂದ್ರು.
ಅವತ್ತ ಚುರಮುರಿ ಪೂರಾ ತಿಂದ್ರು.

ಹೊಸ ಸ್ಪೀಕರಿನಾಗ ಗೌಡ್ರು ಕಥಿ ಕತ್ತರಿಸಿ
ಇಪ್ಪತ್ತು ಸೆಕೆಂಡ್ ಇಟ್ಟಾರ. ಕೆಮ್ಮು ಉಳದೈತಿ.
ನಾನು ಒಂದು ಸಂಜಿ, ಎಲ್ಲಾರೂ ಹ್ವಾದಮ್ಯಾಲ,
ಸ್ಕ್ರೂಡ್ರೈವರ್ ಹಿಡದು ಒಳಗ ಹೋಗಿ
ಸಣ್ಣದರ ವಾಯರ್ ಕಿತ್ತು ಬಂದೆ.
"ಹನ್ನೊಂದನೇದು ಸಾಯವಲ್ದು!" ಅಂತ ಬಯ್ಯತಾರ.
ಮಶೀನ್ ಹಂಗೈತ್ರಿ, ಅಂತೀನಿ.
ತಿಕೀಟು ತಗಸಿ ಮತ್ತ ಸಾಲಿಗೆ ನಿಲ್ಲತಾರ.
ಗಲ್ಲಾ ಎಣಿಸಿ ಗೌಡ್ರು,
"ಕಥಿ ತಗದಮ್ಯಾಲ ನೋಡ್ರಿ, ಧಂದೆ ಹೆಂಗ ಏರೇತಿ!"
ನಾನು ಹಸರ ಗುಂಡಿ ಒತ್ತತೀನಿ.