ತಿರುಗದ ಗುಂಡಿ

ಎಣಸೂದು ನನ್ನ ಕೆಲಸ.
ಹುಬ್ಬಳ್ಳಿಯಿಂದ ಗದಗ, ಅಣ್ಣಿಗೇರಿ ಮ್ಯಾಲೆ ಹಾದು,
ಐವತ್ತೆರಡು ಸೀಟು, ಜೋತುಬಿದ್ದವರು ಬ್ಯಾರೆ,
ಟಿಕೇಟಿನ ಬೆನ್ನಿಗೆ ಬರದುಕೊಟ್ಟ ಚಿಲ್ಲರ ಸಾಲ ಬ್ಯಾರೆ.

ಈ ಯಾಶಿಕಾನೂ ಎಣಸತೈತಿ, ಬಲಗಡೆ ಸಣ್ಣ ಕಿಂಡ್ಯಾಗ
ಒಂದರಿಂದ ಮೂವತ್ತಾರತನಕ.
ಹೆಚ್ಚಿಗಿ ಕೇಳಿದ್ರ ಕೈ ಹಿಡೀತೈತಿ.
ಆ ಗುಣಕ್ಕ ಮರುಳಾಗಿ
ಮುಳಗುಂದ ನಾಕಾದ ಸ್ಟುಡಿಯೊ ಮುಚ್ಚೂ ದಿನ ಕೊಂಡೆ,
ಎರಡು ಸಾವಿರಕ್ಕ. ಪಟ್ಟಿ ಇಲ್ಲ, ಮುಚ್ಚಳ ಇಲ್ಲ.
ಹಿಮದ ಗುಡ್ಡದ ಪರದೆನೂ ಒಯ್ರಿ ಅಕ್ಕಾರ ಅಂದ.
ಒಲ್ಲೆ ಅಂದೆ.

ಮೈಮ್ಯಾಲಿನ ಚರ್ಮ ಹಪ್ಪಳಧಂಗ ಎದ್ದಿತ್ತು.
ಡಿಪೋದಾಗ ಸೀಟು ಹೊಲಿಯೋ ಬಾಬಾಜಾನ
ಉಳಿದ ರೆಕ್ಸಿನ್ ಕತ್ತರಿಸಿ ಅಂಟಿಸಿಕೊಟ್ಟ, ಹಸರಂದು.
ಹಿಂಬಾಗಿಲ ಸ್ಪಂಜು ಕರಗಿ ಡಾಂಬರ ಆಗಿತ್ತು.
ಬೆಟಗೇರಿ ಗಡಿಯಾರದ ರಾಚೋಟೆಪ್ಪ
ಕಡ್ಡಿಲೆ ಕೆರದು ತಗದು,
ಹೇಣ್ತಿ ಸ್ವೆಟರಿನ ಕರೆ ಉಣ್ಣಿ ತುಂಬಿದ:
‘ಇನ್ನ ಬೆಳಕ ಬರೂದಿಲ್ಲ ತಗೋರಿ,
ಥಂಡಿನೂ ಬರೂದಿಲ್ಲ.’

ಒಳಗ ಮೂರು ದೀಪ, ಕೆಂಪು ಹಸರು ಕೆಂಪು.
ಹಸರು ಬಂದ್ರ ರೈಟ್ ರೈಟ್.
ನಡಬರಕ ಒಂದು ಗುಂಡು, ಅದರಾಗ ಅಡ್ಡಗೆರಿ.
ಫೋಕಸ್ ಆಗದ ಮನಶ್ಯಾ ಹರದ ನೋಟಿದ್ದಂಗ,
ಹಣಿ ಒಂದು ಕಡೆ, ಬಾಯಿ ಒಂದು ಕಡೆ.
ಲೆನ್ಸಿನ ಬಳಿ ಹಗರಕ ತಿರುವಬೇಕು,
ಎರಡೂ ಚೂರಿನ ನಂಬರ ಹೊಂದೂತನಕ.
ಹೊಂದಿದ ಗಳಿಗ್ಯಾಗ ಯಾರನ್ನರೆ ನೋಡಿದ್ರೂ
ನನ್ನವರು ಅನಸತೈತಿ. ಯಾಕೋ ಗೊತ್ತಿಲ್ಲ.

ಮೇ ಮೂವತ್ತೊಂದು. ಫಕ್ಕೀರಪ್ಪ ತಳಗೇರಿ
ಕಡೀ ಟ್ರಿಪ್ಪು ಹೊಡಿಯೂ ದಿನ.
ಹನ್ನೊಂದು ವರ್ಷ ಅವರ ಬೆನ್ನು ನೋಡಿದಾಕಿ ನಾನು,
ಮಾರಿ ನೋಡಿದ್ದು ಕನ್ನಡ್ಯಾಗಷ್ಟ.
ಸ್ಟಾಪಿಗೊಂದು ತಗದೆ.
ಗೇರಿನ ಗುಂಡಿಮ್ಯಾಲೆ ಸವದ ಅಂಗೈ.
ನಲವಡಿಯಾಗ ತಂಬಿಗಿ ಮಜ್ಜಿಗಿ ಚಾಚಿದ ಮುದುಕಿ,
ಕುಡದ ಮ್ಯಾಲೆ ಮೀಸಿ ಒರಸದ ಅವರು.
ಹುಲಕೋಟಿಯಾಗ ಇಳದು
ಟೈರಿಗೆ ಅಂಗೈಲೆ ಎರಡೇಟು, ಎತ್ತಿನ ಡುಬ್ಬಕ್ಕ ಹೊಡದಂಗ.
ಮೂವತ್ತಾರಾತು. ಮೂವತ್ತೇಳು.
ಪುಕ್ಕಟೆ ಸಿಕ್ತಂತ ನಕ್ಕೆ.
ಮೂವತ್ತೊಂಬತ್ತಕ್ಕ ನಗು ಆರಿತು.

ಎಡಗಡೆ ಸುತ್ತೋ ಗುಂಡಿ ಮುಟ್ಟಿ ನೋಡಿದೆ.
ಹಗುರ. ಏನೂ ಹಿಡಕೊಂಡಿಲ್ಲ.
ರಾತ್ರಿ ಕೌದಿಯೊಳಗ ಹೊಕ್ಕು ಬಾಗಿಲ ತಗದು ತಡವಿದ್ರ
ಫಿಲ್ಮು ಬೆಳಿಗ್ಗೆ ಹೆಂಗಿತ್ತೋ ಹಂಗ,
ನಾಲಿಗಿ ಚಾಚಿಕೊಂಡು ಬಿದ್ದಿತ್ತು.
ಹಲ್ಲಿಗೆ ಸಿಕ್ಕೇ ಇಲ್ಲ.
ಇಡೀ ದಿನ ನಾನು ಗಾಳಿಗೆ ಟಿಕೇಟು ಹರದಿದ್ದೆ.

‘ಪುಣೆಕ್ಕ ಕಳಿಸೀನ್ರಿ ತೊಳಿಯಾಕ’ ಅಂತ
ಮೂರು ತಿಂಗಳು ಸುಳ್ಳು ಹೇಳಿದೆ.
ಶ್ರಾವಣದಾಗ ಅವರ ಮನಿಗೇ ಹೋಗಿ ಹೇಳಿಬಿಟ್ಟೆ.
ತಳಗೇರಿಯವರು ಚಾ ಬಸಿಗೆ ಸುರಕೊಂಡು
ಊದಿದ್ರು, ಕುಡದ್ರು, ಬಸಿ ಇಟ್ರು.
‘ಖಾಲಿ ಗಾಡಿ ಓಡಿಸಿಲ್ಲೇನವಾ ನಾವು?
ಅದರ ಕಿಲೋಮೀಟರ್ ಬರಕೊಂಡಿಲ್ಲೇನು?’

ಹೊಸ ರೋಲು ಹಾಕೀನಿ, ಈ ಸಲ ನೋಡಿ ಹಾಕೀನಿ,
ಕೂಡ್ರಿ ಅಂದೆ. ಕೂತ್ರು, ಖುರ್ಚಿಮ್ಯಾಲೆ,
ಖಾಕಿ ಇಲ್ಲದ ಬಿಳಿ ಅಂಗ್ಯಾಗ ಸಣ್ಣಾಗಿ.
ಕೈ ತೊಡಿಮ್ಯಾಲೆ ಇಟ್ರು, ತಗದ್ರು.
ಎದಿಗೆ ಕಟ್ಟಿಕೊಂಡ್ರು, ಬಿಚ್ಚಿದ್ರು.
‘ಸ್ಟೇರಿಂಗ ಇಲ್ಲದ ಇವನ್ನ ಎಲ್ಲಿ ಇಡಲವಾ?’

ನನಗೂ ತಿಳೀಲಿಲ್ಲ. ಫೋಕಸ್ ಹೊಂದಿತ್ತು,
ಹಸರು ದೀಪ ಹತ್ತಿತ್ತು, ಆದ್ರೂ ಒತ್ತಲಿಲ್ಲ.
‘ತಾ ಇಲ್ಲಿ, ಏನೈತಿ ಅದರಾಗ ನೋಡೂಣು’
ಅಂತ ಕೈ ಚಾಚಿದ್ರು, ಕೊಟ್ಟೆ.
ಕಣ್ಣಿಗೆ ಹಿಡೀಲಿಲ್ಲ ಅವರು.
ಹೆಬ್ಬಟ್ಟಿಲೆ ಹಸರು ರೆಕ್ಸಿನ್ ಸವರಿದ್ರು,
ಮೂಸಿದ್ರು, ಮತ್ತ ಸವರಿದ್ರು.
‘ಇದು ನಮ್ಮ ಗಾಡೀದಲ್ಲೇನು?’

ಎರಡೂ ಕೈ ಅಲ್ಲೇ ಕೂತಿದ್ವು,
ಹತ್ತಕ್ಕೊಂದು, ಎರಡಕ್ಕೊಂದು.
ತಗೀಬೇಕಾಗಿದ್ದ ಫೋಟೊ ಅದ.
ಕ್ಯಾಮೆರಾ ಅವರ ಕಡೆ ಇತ್ತು.