ನಾನು ಕೊರೆದ ಗುಂಡಿಯಲ್ಲಿ

ಚಂದಾವರದ ಮೇಲಿನ ಅರೆಯಲ್ಲಿ ಈ ಗುಂಡಿ
ಕೊರೆದವನು ನಾನೇ. ಹಾಗಾಗಿ ಬಲ್ಲೆ:
ಇದರೊಳಗೆ ಮೀನಿರಲಿಲ್ಲ.

ಹದಿನಾರು ವರಸೆ ಚಿರೆಕಲ್ಲು ಎಬ್ಬಿಸಿದೆವು.
ಒಂದೊಂದು ವರಸೆ ಎದ್ದಾಗಲೂ
ಹುಡಿ ಗುಡಿಸಿ ಮಶೀನಿಗೆ ಹಾದಿ ಮಾಡಿದವನು ನಾನು.
ಉಗುಳಿದರೆ ಕೆಂಪು, ಕೆಮ್ಮಿದರೆ ಕೆಂಪು,
ಎಲೆ ಅಡಿಕೆ ಹಾಕದ ಬಾಯಲ್ಲೂ.
ಕಾಗೆಗೆ ಕೊಕ್ಕು ಒದ್ದೆ ಮಾಡಿಕೊಳ್ಳಲು
ಒಂದು ಹನಿ ಇರಲಿಲ್ಲ ಅಲ್ಲಿ.
ಮೀನಂತೆ, ಮೀನು!

ಲೀಸು ಮುಗಿಯಿತು. ಮಶೀನು ಲಾರಿ ಹತ್ತಿತು.
ಎರಡು ಮಳೆಗಾಲ ಗುಂಡಿ ತುಂಬಿತು, ಒಣಗಿತು.
ಮೂರನೆಯದರಲ್ಲಿ
ಒಣಗುವುದನ್ನು ಮರೆಯಿತು.

ಮೊದಲು ಕಂಡವಳು ಮಂಕಾಳಿ ಗೌಡ್ತಿ,
ತಪ್ಪಿಸಿಕೊಂಡ ಎಮ್ಮೆ ಹುಡುಕುತ್ತ ಹೋದವಳು.
'ನೀರು ಕಣ್ಣು ಮಿಟುಕಿಸ್ತು' ಎಂದಳು.
ಮರುದಿನ ಅರ್ಧ ಊರು ಅಂಚಿನಲ್ಲಿ ಕುಕ್ಕರಗಾಲಲ್ಲಿ.
ಬೆರಳುದ್ದದವು, ಹೊಟ್ಟೆಗೆ ಬೆಳ್ಳಿ ಗೆರೆ,
ಹಿಂಡಾಗಿ ಒಮ್ಮೆಲೇ ತಿರುಗುವವು,
ಒಂದೇ ಮನಸ್ಸಿನ ಹಾಗೆ.

'ಮಳೆಯಲ್ಲೇ ಬಿದ್ದದ್ದು' ಎಂದಳು ಮಂಕಾಳಿ,
'ಸಿಡಿಲು ಹೊಡೆದ ರಾತ್ರಿ ಮಾಡಿನ ಮೇಲೆ
ಪಟಪಟ ಅಂದದ್ದು ಬರೀ ನೀರಲ್ಲ.'

ತದಡಿಯಲ್ಲಿ ಮೂವತ್ತು ವರ್ಷ ಬೋಟಿಗೆ ಹೋದ
ದೇವು ಹರಿಕಾಂತ ತಲೆ ಅಲ್ಲಾಡಿಸಿದ.
'ಮುಗುಡಾದರೆ ನಡೆದು ಬರ್ತದೆ,
ಹುಲ್ಲು ಒದ್ದೆ ಇದ್ದರೆ ಸಾಕು, ಮುಳ್ಳು ಊರಿಕೊಂಡು
ರಾತ್ರಿಯೆಲ್ಲ ತೆವಳಿ ಗುಡ್ಡ ಹತ್ತೀತು.
ಇದು ಮುಗುಡಲ್ಲ.
ಇದಕ್ಕೆ ಮೊಣಕೈ ಇಲ್ಲ.'

ಮಲೇರಿಯಾ ಇಲಾಖೆಯ ಇನಾಸನ ಮೇಲೆ ಗುಮಾನಿ ಹೋಯಿತು.
ಅವನು ರಜಿಸ್ಟರು ತಂದೇ ತೋರಿಸಿದ:
ಗಪ್ಪಿ ಮೀನು ಐವತ್ತು, ಬಸ್‌ಸ್ಟ್ಯಾಂಡಿನ ಬಾವಿ, ಸಹಿ.
ಈ ಚಡಾವು ಹತ್ತಲು ಅವನ ಸೈಕಲ್ಲು ಎಂದೂ ಒಪ್ಪಿದ್ದಿಲ್ಲ.

ರೇವಣಕರ ಮಾಸ್ತರು ಕನ್ನಡಕ ಒರೆಸಿಕೊಂಡರು.
ಕೊಕ್ಕರೆಯ ಕಾಲಿಗೆ ಅಂಟಿದ ಕೆಸರಲ್ಲಿ
ಮೊಟ್ಟೆ ಬಂದಿರಬಹುದು, ಎಂದರು.
ಬಾತುಕೋಳಿ ನುಂಗಿದ ಮೊಟ್ಟೆಯೂ
ಸಾವಿರಕ್ಕೊಂದೋ ಎರಡೋ
ಹಿಕ್ಕೆಯೊಡನೆ ಜೀವಂತ ಹೊರಬೀಳುತ್ತದಂತೆ.
'ಇಲ್ಲಿ ನೋಡಿದವರು ಯಾರು ಮಾಸ್ತರೇ?'
'ಯಾರೂ ಇಲ್ಲ' ಎಂದರು.
ಸುಳ್ಳು ಹೇಳುವ ಜಾತಿಯಲ್ಲ ಅವರು.

ನನ್ನ ಅಜ್ಜ ಈ ಊರಿಗೆ ಎಲ್ಲಿಂದ ಬಂದ ಎಂದು ಕೇಳಿದ್ದರೂ
ಇಷ್ಟೇ ಉತ್ತರ, ಇಷ್ಟೇ ಜಗಳ.

ಎಲ್ಲರೂ ಇಳಿದು ಹೋದರು. ನಾನು ಉಳಿದೆ.
ಕೊಕ್ಕರೆಯ ಕಾಲು, ಕೊಕ್ಕರೆಯ ಕಾಲು
ಎಂದು ಮನಸ್ಸು ಅಲ್ಲೇ ಸುತ್ತುತ್ತಿತ್ತು.
ಆಮೇಲೆ ನೆನಪಾಯಿತು.

ಆ ಮೂರನೆಯ ಮಳೆಗಾಲ. ಕಲ್ಲಿನ ಕೆಲಸವಿಲ್ಲ.
ಕೆಳಗಿನ ಬೈಲಿನಲ್ಲಿ ಗದ್ದೆಯ ಕಾಲುವೆ ಬಿಡಿಸುವ ಕೂಲಿ.
ಮೊಣಕಾಲುದ್ದ ನೀರು, ಎಡಗಾಲಿನ ಗಂಬೂಟು ಸೀಳಿತ್ತು,
ಹೆಜ್ಜೆಗೊಮ್ಮೆ ಒಳಗೆ ಚಳಕ್ ಚಳಕ್.
ಸಂಜೆ ಮನೆಗೆ ಹೋಗಬೇಕಾದವನು
ಯಾಕೋ ಗುಡ್ಡ ಹತ್ತಿದೆ.
ಯಾಕೆಂದು ಈಗಲೂ ಗೊತ್ತಿಲ್ಲ.
ದುಡಿದ ಜಾಗ ಖಾಲಿ ಇದೆಯೆಂದರೆ
ಕಾಲು ತಾನೇ ಆ ಕಡೆ ತಿರುಗುತ್ತದೆ.
ಅಂಚಿನಲ್ಲಿ ಕೂತು ಗಂಬೂಟು ಎಳೆದು
ಬೋರಲು ಹಾಕಿ ಕೊಡವಿದೆ:
ಒಂದು ಸೇರು ಕೆಸರುನೀರು, ಎರಡು ಎಳೆ ಪಾಚಿ,
ಬೇರೇನಾದರೂ ಇದ್ದರೆ
ಅದನ್ನು ನೋಡುವ ಕಣ್ಣು ಆ ಹೊತ್ತಿಗೆ ನನಗಿರಲಿಲ್ಲ.

ಯಾರಿಗೂ ಹೇಳಿಲ್ಲ. ಹೇಳಿದರೂ
ರುಜುವಾತಿಗೆ ಆ ಗಂಬೂಟು ಎಲ್ಲಿದೆ?
ಕೊಕ್ಕರೆಯೂ ಇರಬಹುದು. ಸಿಡಿಲೂ ಇರಬಹುದು.

ಮಧ್ಯಾಹ್ನ ನೀರು ತಿಳಿಯಾದಾಗ ಹೋಗುತ್ತೇನೆ.
ನನ್ನ ಬ್ಲೇಡು ಗೋಡೆಯಲ್ಲಿ ಬಿಟ್ಟ ಗೆರೆ
ವರಸೆ ವರಸೆಯಾಗಿ ಹಾಗೇ ಇದೆ.
ಐದನೆಯ ಗೆರೆ ಹಿಡಿದು ಅವು ಉದ್ದಕ್ಕೂ ಈಜುತ್ತವೆ,
ಮೂಲೆಗೆ ಬಂದು, ನಾನು ಮಶೀನು ತಿರುಗಿಸುತ್ತಿದ್ದಲ್ಲೇ
ತಿರುಗುತ್ತವೆ.

ಈಗೀಗ ಚಪ್ಪಲಿ ದೂರ ಬಿಟ್ಟು ಹೋಗುತ್ತೇನೆ,
ಕಾಲು ಒರೆಸಿಕೊಂಡು.
ದೇವರೆಂದಲ್ಲ.
ಇನ್ನು ಏನನ್ನು ತಂದು ಬಿಡುತ್ತೇನೋ
ಗೊತ್ತಾಗುವುದಿಲ್ಲವಲ್ಲ.