ಗಾಳಿ ನೋಡೂದು

ದಿನಾ ಮುಂಜಾನೆ ಐದಕ್ಕ
ಹೆಬ್ಬೆರಳಿಂದ ಟಾಯರ್ ಒತ್ತಿ ಗಾಳಿ ನೋಡತೇನಿ.
ಚೈನಿಗೆ ಎಣ್ಣಿ, ಬ್ರೇಕಿನ ತಂತಿ,
ಒಂದೊಂದು ಸ್ಪೋಕಿಗೂ ಉಗುರು ತಾಗಿಸಿ
ಅದರ ದನಿ ಕೇಳತೇನಿ. ಸಡಿಲಿದ್ದದ್ದು ಸುಳ್ಳು ಹೇಳೂದಿಲ್ಲ.
ಹದಿನಾಲ್ಕು ವರ್ಷ ಆತು, ಒಂದು ಸೈಕಲ್ಲೂ
ನನ್ನ ಕೈ ತಪ್ಪಿಸಿ ಹೊನವಾಡ ರಸ್ತೆ ಹಿಡಿದಿಲ್ಲ.

ಹುಡುಗರನ್ನ?
ಹುಡುಗರನ್ನ ನೋಡಾಕ ಏನೈತಿ,
ರೊಟ್ಟಿ ತಿಂತಾರ, ಬಿದ್ರ ಏಳತಾರ.

ಪ್ರತಿ ವರ್ಷ ಫಾರ್ಮ್ ಬರತಾವ.
ಟಿಕೋಟಾ ಬಸ್‌ಸ್ಟ್ಯಾಂಡ್ ಬಾಜೂಕ ಪತ್ತಾರ ಡಾಕ್ಟರ ಕಡೆ
ಮೂವತ್ತರ ಕಟ್ಟು ಒಯ್ದು ಇಟ್ರ
ಚಹಾ ಆರೂದರೊಳಗ ಮೂವತ್ತು ಶಿಕ್ಕಾ:
‘ದೈಹಿಕವಾಗಿ ಸದೃಢ’.
ನೇರಳಿ ಬಣ್ಣದ ಸಾಲು, ಒಮ್ಮೊಮ್ಮೆ ತಲಿಕೆಳಗ ಬೀಳತಿತ್ತು.
ಒಂದು ವರ್ಷ ಶಾಲಿ ಬಿಟ್ಟು ಹೋದ ಹುಡುಗನೂ ಸದೃಢ ಆದ.
ನಕ್ಕಿದ್ವಿ ಇಬ್ರೂ.

ಈ ವರ್ಷ ಪತ್ತಾರರ ಕಣ್ಣಿಗೆ ಆಪರೇಶನ್.
ಸರಕಾರಿ ದವಾಖಾನ್ಯಾಗ ಹೊಸಾ ಡಾಕ್ಟರಬಾಯಿ,
ತಹಸೀನ್ ಮುಜಾವರ. ಕಟ್ಟು ನೋಡಿ ಅಂದ್ರು:
“ಹಾಳಿ ಯಾಕ ತಂದೀರಿ ಸರ್? ಹುಡುಗರನ್ನ ತರ್ರಿ.”

ತಂದೆ. ಬೇವಿನ ಗಿಡದ ಕೆಳಗ ಸಾಲು ಹಚ್ಚಿದೆ.
ದಾನೇಶ್ವರಿ ಕಣ್ಣಿನ ಕೆಳಗಿನ ತೊಗಲು ಜಗ್ಗಿದ್ರು,
ಒಳಗ ಮಜ್ಜಿಗಿಯಂಗ ಬೆಳ್ಳಗ.
ಕಡೀ ಸುತ್ತಿನ್ಯಾಗ “ಕಾಲಿಗೆ ಏನ ಬಡದೈತಿ ನಿನಗ” ಅಂತ
ಎರಡು ವರ್ಷ ಒದರೇನಿ ನಾ.
ರಕ್ತಕ್ಕ ಕಿವಿ ಇರೂದಿಲ್ಲ.
ಅಕಿ ನನ್ನ ಕಡೆ ನೋಡಲಿಲ್ಲ, ನೋಡಿದ್ರ ಚಲೋ ಇತ್ತು.

ಆಮ್ಯಾಲ ಅಮೋಗಿ.
ಖಿಲಾರಿ ಹೋರಿಯಂಥಾ ತೊಡಿ, ರಾಜ್ಯಕ್ಕ ಹೋಗಾಂವ.
ಎದಿ ನೋಯತೈತೇನು? ಇಲ್ರೀ.
ಪೆಡಲ್ ಹೊಡಿಯೂ ಮುಂದ ಕಣ್ಣಿಗೆ ಕತ್ತಲಿ?
ನನ್ನ ಮಾರಿ ನೋಡಿ ಅಂದ: ಇಲ್ರೀ.
ಮನ್ಯಾಗ ಸಣ್ಣ ವಯಸ್ಸಿನ್ಯಾಗ
ಒಮ್ಮಿಂದೊಮ್ಮೆಲೆ ಯಾರರ ತೀರಿಕೊಂಡಾರೇನು?

ಗಿಡದ ಕಡೆ ನೋಡಿದ ಅಮೋಗಿ.
“ನಮ್ಮ ಕಾಕಾರೀ. ಮನೂಕದ ಶೆಡ್ಡಿನ್ಯಾಗ ಪೆಟಗಿ ಹೊತ್ತು
ನಕ್ಕೋತನ ಬಿದ್ರು. ಇಪ್ಪತ್ತೆರಡು ವರ್ಷ.
ಗಾಳಿ ಸೋಕೇತಿ ಅಂದ್ರು.”

ಡಾಕ್ಟರಬಾಯಿ ಪೆನ್ನ ಕೆಳಗಿಟ್ರು.
ಕುಕ್ಕರಗಾಲಿಲೆ ಕುಂಡರು. ಏಳು.
ಮತ್ತ ಕುಂಡರು. ಮತ್ತ ಏಳು.
ಪ್ರತಿ ಸಲ ಆ ತಣ್ಣನ ಬಿಲ್ಲಿ ಅವನ ಎದಿ ಮ್ಯಾಲ.
ನಳಿಗಿ ತಗದು ನನ್ನ ಕಿವಿಗೂ ಹಚ್ಚಿದ್ರು.
ಏನ ಕೇಳಬೇಕೋ ತಿಳೀಲಿಲ್ಲ;
ಎರಡು ಬಡಿತದ ನಡುವ ಒಂದು ಸಣ್ಣ ಗೊರಗೊರ,
ವಾಲ್ವ್ ಸರೀ ಕೂಡದ ಟ್ಯೂಬಿನಿಂದ
ರಾತ್ರಿಯೆಲ್ಲಾ ಹೊರಗ ಹೋಗೂ ಗಾಳಿ.

“ಏನೂ ಇರಲಿಕ್ಕಿಲ್ಲ. ಇದ್ರೂ ಇರಬಹುದು.
ಗುರುವಾರ ಬಿಜಾಪುರಕ್ಕ ಹೋಗ್ರಿ, ಎದಿ ಸ್ಕ್ಯಾನ್.
ಅಲ್ಲೀತನಕ ಸೈಕಲ್ ಮುಟ್ಟಬಾರದು.”
ಬುಧವಾರ ಆಯ್ಕೆ ಇತ್ತು.

ಅಮೋಗಿ ಅಳಲಿಲ್ಲ. ಸಿಟ್ಟಿಗೆದ್ದ, ನನ್ನ ಮ್ಯಾಲ.
“ಮೊದಲಿನಂಗ ಹಾಳಿ ಅಷ್ಟ ತಂದಿದ್ರ ಆಗತಿರಲಿಲ್ಲೇನ್ರೀ ಸರ್?”
ಉತ್ತರ ಇತ್ತು ನನ್ನ ಕಡೆ, ಇಪ್ಪತ್ತೆರಡು ವರ್ಷದ್ದು.
ಹೇಳಲಿಲ್ಲ.

ಬುಧವಾರ ಆಯ್ಕೆ ಮುಗಿಸಿ ಬಂದು
ರಾತ್ರಿ ಕಪಾಟಿನ್ಯಾಗಿನ ಹಳೀ ಕಟ್ಟು ಬಿಚ್ಚಿದೆ.
ಎಷ್ಟು ಹೆಸರು. ಎಲ್ಲಾರೂ ಸದೃಢ.
ನಂಬರ್ ಇದ್ದವರಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚಿದೆ.
ಆರಾಮ ಅದೀಯೇನೋ?
“ಆರಾಮ ಅದೀನ್ರೀ ಸರ್. ಇಷ್ಟೊತ್ತಿನ್ಯಾಗ ಯಾಕ್ರೀ?”
ಹಿಂಗ ಸುಮ್ಮ, ಅಂದೆ.
ಒಂದು ನಂಬರ್ ರಿಂಗ್ ಆಗಿ ಆಗಿ ನಿಂತತು.
ಇನ್ನೊಮ್ಮೆ ಹಚ್ಚಾಕ ಧೈರ್ಯ ಬರಲಿಲ್ಲ.

ಗುರುವಾರ ಆರರ ಬಸ್ಸು.
ಅಮೋಗಿ ಕಿಟಕಿ ಬಾಜೂಕ ಕುಂತು ಗಾಜು ಪೂರಾ ಸರಸಿದ.
ಶನಿವಾರದಿಂದ ಮಾತಾಡಿರಲಿಲ್ಲ ನನ್ನ ಜೋಡಿ.
ಕಣ್ಣ ಸಣ್ಣ ಮಾಡಿ ರಸ್ತೆ ನೋಡಿದ, ರೂಢಿಯಿಂದ,
“ಇವತ್ತ ಎದುರುಗಾಳಿ ಐತ್ರೀ,” ಅಂದ.
ನನಗ ಥಂಡಿ ಹತ್ತಿತ್ತು.
ಮುಚ್ಚು ಅನ್ನಲಿಲ್ಲ.